ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಮಡಿಲಲ್ಲಿ ಒಂದು ರವಿಕೆ ಇಟ್ಟುಕೊಂಡು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದೇನೆ. ಯಾರದು ಎಂದು ಮಾತ್ರ ಕೇಳಬೇಡಿ. ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡಿ ಎಂದು ಕೊಟ್ಟಿದ್ದಾರೆ. ಬಿಚ್ಚಿದರೆ, ಹೊರಗೆಲ್ಲ ಮಾಸಿದ ನೀಲಿ ಒಳಗೆ ಬೆರಳಗಲ ಹೊಚ್ಚ ಹೊಸದಾಗಿ ಉಳಿದಿದೆ. ನೋಡಿದ್ದೇ ಮೂಡಿಗೆರೆಯ ಹುಸೇನ್ ಸಾಬರು ನೆನಪಾದರು.

ಸಾಬರು ನಮ್ಮ ಬೀದಿಯ ಟೈಲರ್. ಅದು ಯುದ್ಧದ ಕಾಲ, ಬಟ್ಟೆಗೂ ರೇಷನ್. ಹೆಂಗಸರ ಮೈಗೆ ಟೇಪು ಹಿಡಿಯುವ ಪದ್ಧತಿ ಇರಲಿಲ್ಲ. ಹಳೆಯ ರವಿಕೆಯೊಂದನ್ನು ಅಳತೆಗೆ ಕೊಡಬೇಕು. ಸಾಬರು ಅವನ್ನು ಇನ್ನೊಬ್ಬರ ಕಣ್ಣಿಗೆ ಬೀಳದ ಹಾಗೆ ಒಂದೊಂದು ಚೀಲದಲ್ಲಿ ಕಟ್ಟಿಡುತ್ತಿದ್ದರು. ಒಬ್ಬರ ಅಳತೆಯನ್ನು ಇನ್ನೊಬ್ಬರು ವಿಚಾರಿಸಿದರೆ ಮಿಷನ್ನು ತುಳಿಯಲು ಶುರು. ಎದುರುಮನೆಯ ಗಂಗಮ್ಮ ಎಷ್ಟು ದಪ್ಪವಾಗಿದ್ದಾರೆಂದು ತಿಳಿಯುವ ಚಪಲಕ್ಕೆ ನಾನೂ ಒಮ್ಮೆ ಕೇಳಿ, ಆ ಗಡಗಡ ಸದ್ದನ್ನೇ ಉತ್ತರವಾಗಿ ಪಡೆದು ಸಿಟ್ಟಿನಿಂದ ಮನೆಗೆ ಬಂದವಳು.

ನನ್ನ ಬಾಯಿಯ ಸಂಗತಿಯನ್ನೂ ಹೇಳಿಬಿಡಬೇಕು. ಅದರಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಮೊದಲೆರಡು ಸಲ ಬಸುರಾದಾಗ ಎರಡು ತಿಂಗಳಾಗುವ ಮೊದಲೇ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ. ಎರಡೂ ನಿಲ್ಲಲಿಲ್ಲ. ಹೋಯಿತೆಂದು ಮತ್ತೆ ಮನೆಮನೆಗೂ ಹೇಳಬೇಕಾಯಿತಲ್ಲ, ಅದು ನನ್ನನ್ನು ಅರೆದುಹಾಕಿತ್ತು. ಮೂರನೆಯ ಸಲ, ಐದು ತಿಂಗಳು ಕಳೆಯುವವರೆಗೆ ಗಂಡನಿಗಲ್ಲದೆ ಯಾರಿಗೂ, ಅತ್ತೆಗೂ, ಹೇಳುವುದಿಲ್ಲವೆಂದು ಗಟ್ಟಿಮಾಡಿಕೊಂಡೆ.

ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿದ್ದ ವಾರ, ಹೊಸ ರವಿಕೆ ಹೊಲಿಸಲು ಸಾಬರಲ್ಲಿಗೆ ಹೋದೆ.

"ಒಳಗೆ ಸ್ವಲ್ಪ ಜಾಸ್ತಿ ಬಟ್ಟೆ ಬಿಡಿ ಸಾಬ್ರೆ."

ಅವರು ತಲೆ ಎತ್ತಲಿಲ್ಲ. "ಎಲ್ಲಿ ತಂಕ ಬರ್ಬೇಕಮ್ಮ ಇದು? ಮಳೆಗಾಲಕ್ಕೆ ಸಾಕಾ?"

"ಇಲ್ಲ, ಕಾಫಿ ಹಣ್ಣು ಕುಯ್ಲಿನ ತಂಕ."

"ಆಯ್ತು. ಎರಡು ಸಲ ಬಿಚ್ಚೋ ಹಂಗೆ ಹೊಲಿತೀನಿ."

ಅಷ್ಟೇ. ಕುಯ್ಲಿಗೆ ಇನ್ನೂ ಏಳೆಂಟು ತಿಂಗಳಿತ್ತು. ನಾನು ಏನನ್ನೂ ಹೇಳಿರಲಿಲ್ಲ. ಅವರಿಗೆ ಎಲ್ಲ ತಿಳಿದಿತ್ತು.

ತರಲು ಹೋದ ದಿನ ಅಂಗಡಿಯ ಬೆಂಚಿನ ಮೇಲೆ ಗಂಗಮ್ಮ! ರವಿಕೆ ನನ್ನ ಕೈಗೆ ಬರುವ ಮೊದಲೇ ಎತ್ತಿಕೊಂಡು, ಒಳಮೈ ತಿರುವಿ ನೋಡಿದರು.

"ಅಯ್ಯೋ ಮಾರಾಯ್ತಿ, ಬಟ್ಟೆನೇ ಸಿಗದ ಕಾಲದಲ್ಲಿ ಒಳಗೆ ಇಷ್ಟೊಂದಾ? ಏನ್ ಸಾಬ್ರೆ ವಿಶೇಷ?"

ಸಾಬರ ಕಾಲು ಈ ಸಲ ಮಿಷನ್ನಿನ ಮೇಲೆ ಅಲುಗಲೇ ಇಲ್ಲ.

"ನಿಮ್ಮ ರವಿಕೇಲಿ ಎಷ್ಟು ಬಿಟ್ಟಿದೀನಿ ಅಂತ ಇವ್ರಿಗೆ ಹೇಳ್ಲಾ ಗಂಗಮ್ನೋರೆ?"

ಗಂಗಮ್ಮ ರವಿಕೆಯನ್ನು ಕೆಂಡದಂತೆ ಕೆಳಗೆ ಬಿಟ್ಟರು. "ನಂಗ್ಯಾಕೆ ಬಿಡಿ ಊರ ಉಸಾಬರಿ!"

ಆಮೇಲೆ ಮಿಷನ್ನು ಗಡಗಡ. ಗಂಗಮ್ಮನದರಲ್ಲಿ ಎಷ್ಟು ಬಿಟ್ಟಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಸುಳ್ಳು ಯಾಕೆ ಹೇಳಲಿ, ಕುತೂಹಲ ಇನ್ನೂ ಇದೆ.

ಐದು ತಿಂಗಳು ಕಳೆದ ಮೇಲೆ ಅತ್ತೆಗೆ ನಾನೇ ಹೇಳಿದೆ. ಬೇರೆ ಯಾರ ಬಾಯಿಂದಲೂ ಅವರಿಗೆ ಅದು ಮುಟ್ಟಿರಲಿಲ್ಲ. ಹೊಲಿಗೆ ಎರಡು ಸಲ ಬಿಚ್ಚಿದ್ದಾಯಿತು. ಕುಯ್ಲು ಶುರುವಾಗುವ ಹೊತ್ತಿಗೆ ಮಗಳು ಹುಟ್ಟಿದಳು.

ಆ ಮಗಳೇ ಈಗ ತಲೆ ನರೆತು ಬಾಗಿಲಲ್ಲಿ ನಿಂತಿದ್ದಾಳೆ. "ಅಮ್ಮಾ, ಯಾರ ರವಿಕೆ ಅದು? ಸಡಿಲ ಯಾಕೆ ಮಾಡ್ತಿದೀಯ?"

ಹೆಸರು ನಾಲಿಗೆಯ ತುದಿಗೆ ಬಂದೇಬಿಟ್ಟಿದೆ. ಸೂಜಿಗೆ ದಾರ ಪೋಣಿಸಿ, ಜೋರಾಗಿ ಮಿಷನ್ನು ತುಳಿಯುತ್ತಿದ್ದೇನೆ.