ಫಿದೆನ್ಸಿಯೋನ ಪೀಪಿ

ಮೆಕ್ಸಿಕೋದ ಪುಯೆಬ್ಲಾ ನಗರದ ಬೀದಿಗಳಲ್ಲಿ ಚಾಕು ಸಾಣೆ ಹಿಡಿಯುವ ಫಿದೆನ್ಸಿಯೋನ ಪೀಪಿ ಕೇಳಿದರೆ ಹೆಂಗಸರು ಮೊಂಡು ಚಾಕು ಹಿಡಿದು ಹೊರಬರುತ್ತಿದ್ದರು. ಈಚೆಗೆ ಹಾಗೆ ಬಂದವರಿಗೆ ಕಾಣುತ್ತಿದ್ದುದು ಹೊಸ ಚಾಕು ಮಾರುವ ವ್ಯಾನು. ವ್ಯಾನಿನ ಅಂಗಡಿಯವರು ಅವನ ಪೀಪಿಯ ಸದ್ದನ್ನು ಕದ್ದು ಧ್ವನಿಮುದ್ರಿಸಿಕೊಂಡು ಧ್ವನಿವರ್ಧಕದಲ್ಲಿ ಹಾಕಿದ್ದರು.

“ಏನ್ ದೋನ್ ಫಿದೆನ್ಸಿಯೋ, ಸಾಣೆ ಬಿಟ್ಟು ವ್ಯಾಪಾರಕ್ಕೆ ಇಳಿದ್ರಾ?” ಎಂದು ಜನ ಚುಚ್ಚತೊಡಗಿದಾಗ ಅವನು ತಡೆಯಲಾರದೆ ಓಣಿಯ ವಕೀಲೆ ಯಾದಿರಾಳ ಬಳಿಗೆ ಹೋದ.

“ಈಗ ಸದ್ದನ್ನೂ ಟ್ರೇಡ್‌ಮಾರ್ಕ್ ಮಾಡಿಸ್ಬಹುದಂತಲ್ಲ ಮಗಳೇ, ನನ್ನ ರಾಗ ನನ್ನ ಹೆಸರಿಗೆ ಬರೆಸು.”

“ಅದನ್ನ ಸಾಣೆಯವರೆಲ್ಲ ಊದ್ತಾರಲ್ಲ, ನಿಮ್ಮೊಬ್ರದ್ದು ಅಂತ ಹೇಗೆ ಬರೆಸ್ಲಿ?”

ಅವನು ಹೌದೆಂದು ತಲೆಯಾಡಿಸಿದ. ರಾಗ ಅಪ್ಪ ಕಲಿಸಿದ್ದು, ಅಪ್ಪನಿಗೂ ಇನ್ಯಾರೋ ಕಲಿಸಿದ್ದು.

ಯಾದಿರಾ ತನ್ನ ಫೋನಿನಲ್ಲಿ ಹಿಡಿದಿಟ್ಟಿದ್ದ ವ್ಯಾನಿನ ಸದ್ದನ್ನು ಕೇಳಿಸಿದಳು. ಸ್ವರ ಮೇಲೇರಿತು, ತುದಿಯಲ್ಲಿ ಮುರಿಯಿತು, ಹಿಂದೆಯೇ ಸಣ್ಣದೊಂದು ಕೆಮ್ಮು ಬಂತು.

ಫಿದೆನ್ಸಿಯೋ ತಲೆ ತಗ್ಗಿಸಿದ. “ಸಾಣೆಕಲ್ಲಿನ ಧೂಳು ಎದೆಗಿಳಿದಿದೆ. ಕೆಮ್ಮು ಕೇಳಿಸ್ಬಾರ್ದು ಅಂತ ಊದಿದ ಕೂಡ್ಲೇ ಜೋರಾಗಿ ಸಾಣೆ ಗಾಲಿ ತಿರುಗಿಸ್ತಿದ್ದೆ.”

“ಇನ್ಮೇಲೆ ಮುಚ್ಚಿಡ್ಬೇಡಿ. ರಾಗ ಎಲ್ಲರದು, ಕೆಮ್ಮು ನಿಮ್ಮದೇ. ಊದಿದವರು ನೀವು ಅನ್ನೋದಕ್ಕೆ ಇದೇ ಸಾಕ್ಷಿ. ಕೇಳದೆ ಅದನ್ನ ಜಾಹೀರಾತಿಗೆ ಹಾಕ್ಕೊಂಡಿದ್ದಕ್ಕೆ ಕೇಸು ಹಾಕೋಣ.”

ಹೊರಗೆ ಬಂದು ಓಣಿಯ ತಿರುವಿನಲ್ಲಿ ನಿಂತು ಊದಿದ. ಕೆಮ್ಮು ಬಂತು. ಗಾಲಿ ಮುಟ್ಟದೆ, ಬರಲಿ ಎಂದು ಬಿಟ್ಟ. ಮೇಲಿನ ಕಿಟಕಿಯಿಂದ ಒಬ್ಬಾಕೆ ಅನುಮಾನದಿಂದಲೇ ಇಣುಕಿದಳು.

“ಅಯ್ಯೋ, ನೀವಾ! ಮತ್ತೆ ಆ ವ್ಯಾನು ಅಂದ್ಕೊಂಡೆ. ಇರಿ, ಚಾಕು ತರ್ತೀನಿ. ಕುಡಿಯೋಕೆ ಒಂಚೂರು ಬಿಸಿನೀರೂ ತರ್ತೀನಿ.”