ಮೂರೂರಿಗೆ ಒಂದೇ ಸರದಿ ಕೊಟ್ಟ ಕುಬ್ರಾ

2024ರ ನವೆಂಬರ್ 18, ಸೋಮವಾರ, ಬೆಳಿಗ್ಗೆ 5.50. ಯಲ್ಲಾಪುರದ ಲಾರಿ ಮಾಲೀಕರ ಸಂಘದ ಕಚೇರಿಯಲ್ಲಿ ಕುಬ್ರಾ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಆರಕ್ಕೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಲಾರಿಗಳಿಗೆ ಲೋಡಿನ ಸರದಿ ಚೀಟಿ ಕೊಡಬೇಕು. ಇವತ್ತೂ ಎಡವಟ್ಟಾದರೆ ಅವರು ಬರೆದ ಪ್ರೋಗ್ರಾಂ ಬಿಟ್ಟು ಹಳೆಯ ಕಪ್ಪು ಹಲಗೆಗೇ ಮರಳುವುದೆಂದು ಸಂಘ ತೀರ್ಮಾನಿಸಿದೆ.

ಚಾಲಕ ಚಾಂದ್ ಪಾಷಾ ಕಿಟಕಿಯಲ್ಲಿ ಇಣುಕುತ್ತಾರೆ. "ಏನಮ್ಮಾ ಕುಬ್ರಾ, ಇವತ್ತು ಚಾ ಕುಡೀಲೋ, ಉಪಾಸ ಇರ್‍ಲೋ?"

"ಎರಡು ಕಪ್ ಕುಡೀರಿ ಚಾಚಾ. ಇವತ್ತು ನಿಮ್ಮ ಚಾಕ್ಕ ಯಾರೂ ಕಾಯಂಗಿಲ್ಲ."

ಈ ತಮಾಷೆಯ ಹಿಂದೊಂದು ಕಥೆಯಿದೆ. ಮೊದಲು ಪ್ರತಿ ಊರಿನ ಕಂಪ್ಯೂಟರೂ ಮೂರೂರಿಗೆ ಸೇರಿದ ಒಂದೇ ಪಟ್ಟಿಯಲ್ಲಿ ಕೊನೆಯ ಸರದಿ ಸಂಖ್ಯೆ ನೋಡಿ, ಒಂದು ಕೂಡಿಸಿ ಚೀಟಿ ಮುದ್ರಿಸುತ್ತಿತ್ತು. ಇಬ್ಬರು ಗುಮಾಸ್ತರು ಒಂದೇ ಕ್ಷಣ ನೋಡಿದರೆ ಇಬ್ಬರಿಗೂ ಒಂದೇ ಸಂಖ್ಯೆ. ಒಂದೇ ಲಾರಿ ಇಟ್ಟುಕೊಂಡವರಿಗೆ ಸರದಿ ತಪ್ಪಿತೆಂದರೆ ಆ ದಿನ ಲೋಡು ಇಲ್ಲ. ಅಂಗಳದಲ್ಲಿ ಕಾಲರ್ ಹಿಡಿದದ್ದೂ ಉಂಟು.

ಬಿ.ಎಸ್ಸಿ. ಓದಿ ಬಿಲ್ ಟೈಪ್ ಮಾಡಲು ಸೇರಿದ ಕುಬ್ರಾ, ಕೂಡಿಸುವ ಕೆಲಸವನ್ನು ಮೂರೂ ಮೇಜುಗಳಿಂದ ಕಿತ್ತುಕೊಂಡರು. ಅದನ್ನು ಆ ಪಟ್ಟಿಯಿರುವ ಡೇಟಾಬೇಸಿನೊಳಗೇ 'ಸ್ಟೋರ್ಡ್ ಪ್ರೊಸೀಜರ್' ಆಗಿ, ಅಂದರೆ ಹೆಸರಿಟ್ಟು ಒಳಗೇ ಕಾದಿಟ್ಟ ಆದೇಶಗಳ ಕಟ್ಟಾಗಿ, ಬರೆದಿಟ್ಟರು. ಮೇಜಿನ ಪ್ರೋಗ್ರಾಂ ಅದನ್ನು ಹೆಸರು ಹಿಡಿದು ಕರೆದು ಲಾರಿ ನಂಬರ್ ಕೊಟ್ಟರೆ ಸಾಕು. ಸರದಿ ಸಂಖ್ಯೆ ಒಳಗಿನಿಂದ ಬರುತ್ತದೆ. ಒಬ್ಬರ ಕರೆ ಮುಗಿಯುವತನಕ ಇನ್ನೊಬ್ಬರದು ಕಾಯುತ್ತದೆ.

ಆದರೆ ಸಂಘದಲ್ಲೊಂದು ಪದ್ಧತಿ: ಅಂಗಳದಲ್ಲಿ ಲಾರಿ ನಂಬರ್ ಕೂಗಬೇಕು, ಚಾಲಕ "ಹೂಂ" ಅಂದರೇ ಚೀಟಿ. ಮೊದಲ ಪ್ರಯೋಗದ ದಿನ ಕುಬ್ರಾ ಡೇಟಾಬೇಸಿಗೆ ಹೋಗುವ ಕರೆಯನ್ನು ಆರಂಭಿಸಿ, ಸರದಿಯನ್ನು ಹಿಡಿದಿಟ್ಟುಕೊಂಡು, ಆಮೇಲೆ ಕೂಗಿಸಿದರು. ಚಾಂದ್ ಪಾಷಾ ಚಹಾದಂಗಡಿಯಲ್ಲಿದ್ದರು. ಅವರು ಗ್ಲಾಸ್ ಇಡುವವರೆಗೆ ಮೂರೂ ಊರಿನ ಪರದೆಗಳು ಕಲ್ಲಾಗಿ ನಿಂತವು.

"ಲಾರಿ ಏರದವಳಿಗೆ ಸರದಿ ಎಂತ ಗೊತ್ತು ಅಂದ್ರು ಚಾಲಕರು," ಎನ್ನುತ್ತಾರೆ ಕುಬ್ರಾ. "ತಪ್ಪು ನಂದೇ. ಮನುಷ್ಯರ ಮಾತು ಮೊದ್ಲು ಮುಗೀಬೇಕು, ಯಂತ್ರದ್ದು ಆಮೇಲೆ. ಅಷ್ಟೇ ತಿರುಗಿಸಿದೆ."

ಆರು ಗಂಟೆ. ಅಂಗಳದಲ್ಲಿ ಕೂಗು, "ಹೂಂ!", ಒಂದು ಗುಂಡಿ ಒತ್ತು, ಚೀಟಿ. ಚಾಂದ್ ಪಾಷಾ ಅಂಗಳದಲ್ಲಿಲ್ಲ. ಕೂಗುವವರು ಅವರ ನಂಬರನ್ನು ಪಕ್ಕಕ್ಕಿಟ್ಟು ಮುಂದಿನದನ್ನು ಕೂಗುತ್ತಾರೆ. ಯಾವ ಪರದೆಯೂ ನಿಲ್ಲುವುದಿಲ್ಲ. ಆರೂವರೆಗೆ ಸಿದ್ದಾಪುರದ ಗುಮಾಸ್ತ ಗಿರೀಶನ ಫೋನು: "ಎಂತ ಮಾರಾಯ್ತಿ, ಇಲ್ಲಿ ಗಲಾಟೆಯೇ ಇಲ್ಲ! ಬೇಜಾರು ಬಂತು."

ಕುಬ್ರಾ ಎರಡೂ ಕೈ ಮೇಲೆತ್ತಿ ನಗುತ್ತಾರೆ. ಅಂಗಳದಲ್ಲಿ ಯಾರೋ ಹಾರ್ನ್ ಬಾರಿಸುತ್ತಾರೆ, ಉಳಿದವರೂ ಸೇರುತ್ತಾರೆ.

ಕೆಲವು ತಿಂಗಳ ನಂತರ ಮತ್ತೆ ಭೇಟಿಯಾದಾಗ ಅವರು ಹೇಳಿದ್ದು: "ಈಗ ನನ್ನ ಬೈಯೋರೂ ಇಲ್ಲ, ಹೊಗಳೋರೂ ಇಲ್ರಿ. ಪ್ರೋಗ್ರಾಂ ಐತಿ ಅನ್ನೋದನ್ನೇ ಮರ್ತಾರ. ಗೆದ್ದೆ ಅಂದ್ರ ಇದೇ."

ಆ ಸೋಮವಾರದಿಂದ ಈ ಭೇಟಿಯವರೆಗೆ ಮೂರೂ ಊರುಗಳಲ್ಲಿ ಕೊಟ್ಟ ಸರದಿಗಳು 9,416. ಒಂದೇ ಸಂಖ್ಯೆ ಎರಡು ಲಾರಿಗೆ ಹೋದದ್ದು, ಸೊನ್ನೆ.