ಉಪ್ಪಿಲ್ಲದ ತಟ್ಟೆ

ಕರಿಯಾಕೂ ದ್ವೀಪದಲ್ಲಿ ಸತ್ತವರಿಗೆ ಎಡೆ ಇಡುವ ತಟ್ಟೆಗೆ ಉಪ್ಪು ಹಾಕುವುದಿಲ್ಲ. ಯೂಡೀನ್‌ಗೆ ಇದು ಬುದ್ಧಿ ಬಂದಾಗಿನಿಂದ ಗೊತ್ತು. ಆದರೂ ಗಂಡನ ಸಮಾಧಿಗೆ ಕಲ್ಲು ನಿಲ್ಲಿಸುವ ದಿನ, ಅವನ ತಟ್ಟೆಗೆಂದು ಬೇರೆ ಇಟ್ಟಿದ್ದ ಸಣ್ಣ ಪಾತ್ರೆಗೆ ಅವಳ ಕೈ ತಾನಾಗಿ ಉಪ್ಪು ಹಾಕಿಬಿಟ್ಟಿತು.

ಗಂಡನ ಅಕ್ಕ ಥೀಯಾ ನೋಡಿದಳು. ‘ಏನೇ ಮಾಡ್ದೆ? ನನ್ ತಮ್ಮ ಉಣ್ಣದೆ ಎದ್ದು ಹೋಗ್ಲಿ ಅಂತಾನಾ? ಚೆಲ್ಲು ಅದನ್ನ.’

ಯೂಡೀನ್ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. ಮದುವೆಯಾದಾಗಿನಿಂದ ಮೀನಿನ ಬುಟ್ಟಿ ಹೊತ್ತು, ತೊಗರಿ ಬೆಳೆದು ಮನೆ ನಡೆಸಿದವಳು ಅವಳು. ಗಂಡ ಕಾನ್ರಾಡ್ ದೋಣಿ ಕಟ್ಟುತ್ತಿದ್ದ. ಕೆಳಗಿನ ಕೊಲ್ಲಿಯಲ್ಲಿ ಅವನಿಗೆ ಇನ್ನೊಬ್ಬಳಿದ್ದಳು, ವರ್ಲಿನ್. ಊರಿಗೆಲ್ಲ ಗೊತ್ತಿತ್ತು. ಯೂಡೀನ್ ಜಗಳವಾಡಿ ಜಗಳವಾಡಿ ಸುಸ್ತಾಗಿ ಸುಮ್ಮನಾಗಿದ್ದಳು. ಇಲ್ಲಿ ಬಹಳ ಹೆಂಗಸರು ಹಾಗೆಯೇ ಬಾಳುತ್ತಾರೆ.

ಅವನಿಗೆ ರಕ್ತದೊತ್ತಡ ಏರಿದಾಗ ನರ್ಸ್ ಎರಡೂ ಮನೆಗೆ ಹೇಳಿದಳು, ಉಪ್ಪು ಮುಟ್ಟಿಸಬೇಡಿ ಎಂದು. ವರ್ಲಿನ್ ಆ ಮಾತಿನಂತೆ ಉಪ್ಪು ಬಿಟ್ಟಳು. ಕಾನ್ರಾಡ್ ಮುಖ ಹುಳ್ಳಗೆ ಮಾಡಿಕೊಂಡು ಹೆಂಡತಿಯ ಮನೆಗೆ ಬಂದ.

‘ಅವ್ಳ ಸಾರು ಮುಖ ತೊಳ್ಯೋ ನೀರಿದ್ದಂಗಿದೆ ಕಣೇ. ನಿನ್ ಉಪ್ಪುಮೀನಿದ್ರೆ ಹಾಕು.’

ಯೂಡೀನ್ ಹಾಕಿದಳು. ನಾಳೆಯೂ ಬರಲಿ ಎಂದು ಹಾಕಿದಳು. ಅವನು ಬಂದ. ದಿನಾ ಬಂದ. ಹಗಲು ಆಗಾಗ ಕೆಳಗಿನ ಕೊಲ್ಲಿಗೆ ಹೋಗಿ ಬಂದರೂ, ಎಷ್ಟೋ ವರ್ಷಗಳ ಮೇಲೆ ರಾತ್ರಿ ಯೂಡೀನ್ ಮನೆಯಲ್ಲೇ ಮಲಗತೊಡಗಿದ. ಗೆದ್ದೆ ಅಂದುಕೊಂಡಳು. ಒಂದು ದಿನ ಅರ್ಧ ಕಟ್ಟಿದ ದೋಣಿಯ ಪಕ್ಕದಲ್ಲೇ ಬಿದ್ದು ಸತ್ತ. ತಲೆಯಲ್ಲಿ ರಕ್ತನಾಳ ಒಡೆದಿತ್ತು.

‘ಆ ಕೆಳಗಿನೋಳು ಉಪ್ಪು ತಿನ್ಸಿ ಕೊಂದ್ಳು,’ ಎಂದು ಥೀಯಾ ಹೆಣದ ಮುಂದೆ ಅಂದಳು. ಯೂಡೀನ್ ಅಲ್ಲೇ ಕೂತಿದ್ದಳು. ಬಾಯಿ ಬಿಡಲಿಲ್ಲ. ವರ್ಲಿನ್ ಬ್ರೆಡ್ ಮಾಡಿ ಮಾರುವವಳು. ಅಂದಿನಿಂದ ಊರಲ್ಲಿ ಯಾರೂ ಅವಳ ಬ್ರೆಡ್ ಕೊಳ್ಳಲಿಲ್ಲ.

ಈಗ ವರ್ಲಿನ್ ಬೇಲಿಯಾಚೆ ನಿಂತಿದ್ದಳು, ಪದ್ಧತಿಯಂತೆ ಸಮಾಧಿಯ ಕಲ್ಲಿಗೆ ಸುರಿಯಲು ಒಂದು ಸೀಸೆ ರಮ್ ಹಿಡಿದು.

‘ಬಂದವ್ಳೆ ನೋಡ್ರೇ,’ ಥೀಯಾ ಅಂದಳು. ‘ಉಪ್ಪಿನ ಡಬ್ಬಿನೂ ತಂದವ್ಳೋ ಏನೋ.’

ಒಲೆಯ ಹತ್ತಿರದ ಹೆಂಗಸರು ನಕ್ಕರು.

ಯೂಡೀನ್ ಪಾತ್ರೆ ಚೆಲ್ಲಿ ತೊಳೆದಳು. ಅದನ್ನು ಹಿಡಿದು ಬೇಲಿಯ ಹತ್ತಿರ ಹೋದಳು. ‘ಒಳಗ್ ಬಾ. ಉಪ್ಪಿಲ್ದೆ ಮಾಡಿ ನಂಗೆ ರೂಢಿಯಿಲ್ಲ. ಅವ್ನ ತಟ್ಟೆ ನೀನೇ ಮಾಡು.’

‘ಬುದ್ಧಿ ನೆಟ್ಟಗಿದ್ಯಾ ನಿಂಗೆ?’ ಥೀಯಾ ಎದ್ದು ಬಂದಳು. ‘ಕೊಂದೋಳ ಕೈಲಿ ಊಟನಾ?’

‘ಕೊಂದಿದ್ದು ಅವ್ಳ ಉಪ್ಪಲ್ಲ ಅಕ್ಕಾ. ನಂದು. ಬೇಡ ಅಂತ ಗೊತ್ತಿದ್ದೂ ಹಾಕ್ದೆ.’

ಥೀಯಾ ತಿರುಗಿ ಹೋಗಿ ಹೆಂಗಸರ ನಡುವೆ ಕೂತಳು.

ವರ್ಲಿನ್ ಪಾತ್ರೆ ತೆಗೆದುಕೊಂಡಳು. ‘ನಂಗೆ ಗೊತ್ತಿತ್ತು. ನಿಮ್ಮನೇಲಿ ರುಚಿಯಾಗಿ ಉಂಡೆ ಅಂತ ಅವ್ರೇ ಹೇಳೋರು.’

‘ಮತ್ಯಾಕೆ ಬಾಯ್ ಬಿಡ್ಲಿಲ್ಲ?’

‘ನಾನು ಹೇಳಿದ್ರೆ ಯಾರು ನಂಬ್ತಿದ್ರು? ನೀವು ಹೆಂಡ್ತಿ.’

ಯೂಡೀನ್ ಬೇಲಿಯ ಬಾಗಿಲು ತೆಗೆದು ಅವಳನ್ನು ಒಲೆಯ ಹತ್ತಿರ ಕರೆತಂದಳು. ವರ್ಲಿನ್ ಮುಸುಕಿನ ಜೋಳದ ಹಿಟ್ಟನ್ನು ಉಪ್ಪಿಲ್ಲದೆ ತಿರುವಿದಳು. ಯೂಡೀನ್ ಕೆಳಗೆ ಕೂತು ಒಲೆಗೆ ಸೌದೆ ತಳ್ಳಿದಳು. ಕಾನ್ರಾಡ್ ಬಂದು ಉಣ್ಣಲೆಂದು ತಟ್ಟೆಯನ್ನು ಒಳಕೋಣೆಯಲ್ಲಿ ಬಿಳಿ ಬಟ್ಟೆಯ ಮೇಲಿಟ್ಟು ಬಾಗಿಲು ಹಾಕಿದರು.

ಕಲ್ಲಿಗೆ ನೀರು, ರಮ್ ಸುರಿಯುವಾಗ ಥೀಯಾ ಯೂಡೀನ್ ಪಕ್ಕ ನಿಲ್ಲಲಿಲ್ಲ. ವರ್ಲಿನ್ ಕೂಡ ನಿಲ್ಲಲಿಲ್ಲ, ತನ್ನ ಸೀಸೆ ಕೊಟ್ಟು ದೂರ ಸರಿದಳು. ಯೂಡೀನ್ ಯಾರನ್ನೂ ಕರೆಯಲಿಲ್ಲ. ಒಬ್ಬಳೇ ನಿಂತು ಸುರಿದಳು.